ಬಿಕಾಂ ಓದಿದವರಿಗೆ ಕಾಫಿ ಮೂಟೆಯ ಲೆಕ್ಕ ಯಾಕೆ ಬರುವುದಿಲ್ಲ?

ಹಾಸನದಲ್ಲಿ ನನ್ನದೊಂದು ಸಣ್ಣ ಲೆಕ್ಕಪತ್ರದ ಆಫೀಸಿದೆ. ಪ್ರತಿ ವರ್ಷ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿಯುತ್ತಿದ್ದ ಹಾಗೆ ಬಿಕಾಂ, ಬಿಬಿಎ ಮುಗಿಸಿದ ಏಳೆಂಟು ಮಕ್ಕಳು ಕೆಲಸ ಕೇಳಿಕೊಂಡು ಬರುತ್ತಾರೆ. ಅಂಕಪಟ್ಟಿ ನೋಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಎಲ್ಲರಿಗೂ ಕೇಳುವುದು ಒಂದೇ ಪ್ರಶ್ನೆ: "ಸಕಲೇಶಪುರದ ಒಬ್ಬರು ತಮ್ಮ ತೋಟದ ಕಾಫಿ ಮಾರಿದ್ದಾರೆ. ಆ ದುಡ್ಡಿಗೆ ಇನ್‌ಕಮ್ ಟ್ಯಾಕ್ಸ್ ಇದೆಯೋ ಇಲ್ಲವೋ?"

"ಇಲ್ಲ ಸರ್, ಕೃಷಿ ಆದಾಯ. ಸೆಕ್ಷನ್ ಹತ್ತರ ಒಂದು." ಉತ್ತರ ಥಟ್ಟನೆ ಬರುತ್ತದೆ. ತಪ್ಪು ಅನ್ನುವ ಹಾಗಿಲ್ಲ, ಸರಿ ಅನ್ನುವ ಹಾಗೂ ಇಲ್ಲ. ನಾನು ಕಾಯುವುದು ಉತ್ತರಕ್ಕಲ್ಲ, ಒಂದು ಮರುಪ್ರಶ್ನೆಗೆ: "ಏನಾಗಿ ಮಾರಿದರು ಸರ್?" ಇಷ್ಟು ವರ್ಷದಲ್ಲಿ ಹಾಗೆ ಕೇಳಿದವರು ಇಬ್ಬರೇ. ಅವರಲ್ಲಿ ಒಬ್ಬಳು ಆಲೂರು ಕಡೆಯ ಹುಡುಗಿ. ಅವಳ ಅಪ್ಪ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಸಂಜೆ ಅಪ್ಪ ಚೆಕ್‌ರೋಲ್ ತುಂಬುವಾಗ ಪಕ್ಕದಲ್ಲಿ ಕೂತು ಆಳುಗಳ ಹಾಜರಿ ಕೂಡಿಸುತ್ತ ಬೆಳೆದವಳು. ಆ ಪ್ರಶ್ನೆ ಅವಳಿಗೆ ಬಂದದ್ದು ಕಾಲೇಜಿನಿಂದಲ್ಲ.

ಬಿಡಿಸಿ ಹೇಳುತ್ತೇನೆ. ಹಣ್ಣು ಕೊಯ್ದು ಕಣದಲ್ಲಿ ಒಣಗಿಸಿ ಚೆರಿಯಾಗಿಯೋ, ಪಲ್ಪ್ ಮಾಡಿ, ಅಂದರೆ ಹಣ್ಣಿನ ತಿರುಳು ತೆಗೆದು, ಪಾರ್ಚ್‌ಮೆಂಟ್ ಆಗಿಯೋ ಮಾರಿದರೆ ಬಂದ ಲಾಭ ಪೂರ್ತಿ ಕೃಷಿ ಆದಾಯ. ಅದೇ ಬೆಳೆಗಾರ ಕ್ಯೂರಿಂಗ್ ಮಾಡಿಸಿ, ಸಿಪ್ಪೆ ತೆಗೆದ ಬೀಜವನ್ನು ಗ್ರೇಡ್ ಮಾಡಿಸಿ ತಾನೇ ಮಾರಿದರೆ, 2025-26ರವರೆಗೆ ಜಾರಿಯಲ್ಲಿದ್ದ 1962ರ ಆದಾಯ ತೆರಿಗೆ ನಿಯಮಗಳ 7ಬಿ ಪ್ರಕಾರ ಲಾಭದ ಶೇ 25ರಷ್ಟು ವ್ಯಾಪಾರದ ಆದಾಯವಾಗಿಬಿಡುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಬೆರೆಸಲಿ ಬಿಡಲಿ, ಶೇ 40. ಗಿಡ ಒಂದೇ, ಮಣ್ಣು ಒಂದೇ. ಬೀಜ ಎಷ್ಟು ದೂರ ಹೋಗಿ ಮಾರಾಟವಾಯಿತು ಅನ್ನುವುದರ ಮೇಲೆ ತೆರಿಗೆಯ ಲೆಕ್ಕ ಬೇರೆ.

ಸ್ವಾರಸ್ಯ ಇರುವುದು ಮುಂದೆ. ಖರ್ಚು ಕಳೆದು 20 ಲಕ್ಷ ಉಳಿಯಿತು ಅಂದುಕೊಳ್ಳೋಣ, ಬೇರೆ ಆದಾಯವಿಲ್ಲ. ಕ್ಯೂರಿಂಗ್ ಮಾಡಿಸಿ ಮಾರಿದವರಿಗೆ 5 ಲಕ್ಷ ವ್ಯಾಪಾರದ್ದು, 15 ಲಕ್ಷ ಕೃಷಿಯದ್ದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ದರ ನಿರ್ಧರಿಸಲು ಅದನ್ನು ಸೇರಿಸಿಕೊಳ್ಳಬೇಕು. ಹಾಗಾಗಿ 2025-26ರ ಹೊಸ ಪದ್ಧತಿಯ ದರದಲ್ಲಿ ಒಟ್ಟು 20 ಲಕ್ಷಕ್ಕೆ ತೆರಿಗೆ ಹಾಕಿದರೆ 2,00,000 ರೂಪಾಯಿ. ಕೃಷಿಯ 15 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿ 19 ಲಕ್ಷಕ್ಕೆ ಹಾಕಿದರೆ 1,80,000. ವ್ಯತ್ಯಾಸ 20,000, ಅದೇ ತೆರಿಗೆ. ಪುಸ್ತಕದ ಲೆಕ್ಕ ಕಲಿತವರು ಇಲ್ಲಿಗೇ ಗೆರೆ ಎಳೆದುಬಿಡುತ್ತಾರೆ. ಆದರೆ ತೆರಿಗೆಗೆ ಒಳಪಡುವ ಆದಾಯ 5 ಲಕ್ಷ ಮಾತ್ರ. 12 ಲಕ್ಷದ ಒಳಗಿದ್ದವರಿಗೆ 60,000 ರೂಪಾಯಿವರೆಗೆ ರಿಯಾಯಿತಿ ಉಂಟಲ್ಲ? ಕಟ್ಟಬೇಕಾದದ್ದು ಸೊನ್ನೆ. ಇನ್ನು ಅದೇ 20 ಲಕ್ಷ ಪುಡಿ ಮಾರಿ ಬಂದಿದ್ದರೆ 8 ಲಕ್ಷ ವ್ಯಾಪಾರದ್ದು, 12 ಲಕ್ಷ ಕೃಷಿಯದ್ದು. 2,00,000ದಲ್ಲಿ, ಕೃಷಿಯ 12 ಲಕ್ಷಕ್ಕೆ 4 ಲಕ್ಷ ಸೇರಿಸಿದ 16 ಲಕ್ಷಕ್ಕೆ ಬರುವ ತೆರಿಗೆ 1,20,000 ಕಳೆದರೆ 80,000. ರಿಯಾಯಿತಿ 60,000 ಹೋಗಿ 20,000. ಸೆಸ್ ಸೇರಿ 20,800. ಮನೆಯ ಹಿಂದೆ ರೋಸ್ಟರ್ ಹಾಕಿಸಿ ಸ್ವಂತ ಬ್ರ್ಯಾಂಡಿನ ಪುಡಿ ಮಾರಲು ಹೊರಟ ಹುಡುಗನಿಗೆ ಮೊದಲು ಬೇಕಾದ ಲೆಕ್ಕ ಇದು. ಜಿಎಸ್‌ಟಿಯೂ ಇದೇ ದಾರಿಯಲ್ಲಿ ಜೊತೆಗೆ ಬರುತ್ತದೆ: ಹುರಿಯದ ಬೀಜಕ್ಕೆ ಇಲ್ಲ, ಹುರಿದದ್ದಕ್ಕೆ ಶೇ 5.

ಈ ಲೆಕ್ಕದಲ್ಲಿ ಕೂಡುವುದು ಕಳೆಯುವುದು ಬಿಟ್ಟರೆ ಬೇರೇನೂ ಇಲ್ಲ. ಎರಡು ಸೆಮಿಸ್ಟರ್ ಆದಾಯ ತೆರಿಗೆ ಓದಿದವರಿಗೆ ನೀರು ಕುಡಿದ ಹಾಗೆ ಬರಬೇಕು. ಬರುವುದಿಲ್ಲ. ಅವರು ಓದಿದ ಲೆಕ್ಕಗಳಲ್ಲೆಲ್ಲ ಇರುವವರು ಸಂಬಳದ ನೌಕರರು: ಮೂಲವೇತನ ಇಷ್ಟು, ತುಟ್ಟಿಭತ್ಯೆ ಇಷ್ಟು, ಮನೆ ಬಾಡಿಗೆ ಭತ್ಯೆ ಇಷ್ಟು, ಕಂಪನಿ ಕೊಟ್ಟ ಕಾರಿನ ಸಿಸಿ ಎಷ್ಟು. ಕೃಷಿ ಆದಾಯ ಅನ್ನುವುದು ಮೊದಲ ಅಧ್ಯಾಯದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬಂದು ಹೋಗುತ್ತದೆ. ಕ್ಲಾಸಿನ ಅರ್ಧ ಮಕ್ಕಳ ಮನೆಯಲ್ಲಿ ಸಂಬಳದ ಚೀಟಿ ಅನ್ನುವುದೇ ಇಲ್ಲ, ಇರುವುದು ತೋಟ, ಗದ್ದೆ, ಡೇರಿಗೆ ಹಾಕುವ ಹಾಲು.

ಮೂರೋ ನಾಲ್ಕೋ ಎಂಬ ಜಗಳ

ಕಳೆದ ಐದಾರು ವರ್ಷಗಳಲ್ಲಿ ಪದವಿ ಶಿಕ್ಷಣದ ಬಗ್ಗೆ ರಾಜ್ಯದಲ್ಲಿ ನಡೆದಷ್ಟು ಚರ್ಚೆ ಹಿಂದೆ ನಡೆದದ್ದು ನನಗೆ ನೆನಪಿಲ್ಲ. ಆದರೆ ಅದೆಲ್ಲ ನಡೆದದ್ದು ಎಷ್ಟು ವರ್ಷ ಅನ್ನುವುದರ ಸುತ್ತ. 2021-22ರಲ್ಲಿ ದೇಶದಲ್ಲೇ ಮೊದಲು ಎಂದು ಹೇಳಿಕೊಂಡು ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಿತು. ನಾಲ್ಕು ವರ್ಷದ ಆನರ್ಸ್, ಮಧ್ಯೆ ಬಿಟ್ಟು ಹೋಗುವ ಅವಕಾಶ, ಓಪನ್ ಎಲೆಕ್ಟಿವ್, ಕೌಶಲದ ವಿಷಯಗಳು. 2023ರಲ್ಲಿ ಸರ್ಕಾರ ಬದಲಾಯಿತು. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಆಧಾರದ ಮೇಲೆ 2024-25ರಿಂದ ಮತ್ತೆ ಮೂರು ವರ್ಷ. 2020ರಲ್ಲಿ ಸೇರಿದವರು ಹಳೆಯ ಪಠ್ಯ, 2021, 22, 23ರಲ್ಲಿ ಸೇರಿದವರು ಎನ್‌ಇಪಿ, 2024ರಲ್ಲಿ ಸೇರಿದವರು ಎಸ್‌ಇಪಿ. ಒಂದೇ ಮನೆಯ ಅಕ್ಕ, ಅಣ್ಣ, ತಂಗಿ ಮೂರು ಬಗೆಯ ಬಿಕಾಂ ಓದಿದ ಸಂಸಾರಗಳು ನಮ್ಮ ಊರಿನಲ್ಲಿವೆ. ಅಕ್ಕನ ನೋಟ್ಸು ತಂಗಿಗೆ ಆಗಿಬರಲಿಲ್ಲ ಎಂಬುದು ನಗಣ್ಯ ಸಂಗತಿಯಲ್ಲ. ಬಡ ಮನೆಯಲ್ಲಿ ಅದೇ ಒಂದು ಆಸ್ತಿ.

ಇದರ ಜೊತೆಗೆ ವಿಶ್ವವಿದ್ಯಾಲಯದ ತಾಪತ್ರಯ ಬೇರೆ. ಹಾಸನದ ಕಾಲೇಜುಗಳು ಮೊದಲಿನಿಂದ ಮೈಸೂರು ವಿಶ್ವವಿದ್ಯಾಲಯದ ಕೆಳಗಿದ್ದವು. ಹೇಮಗಂಗೋತ್ರಿಯ ಸ್ನಾತಕೋತ್ತರ ಕೇಂದ್ರವನ್ನೇ ನೆಲೆ ಮಾಡಿಕೊಂಡು 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಶುರುವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವುಗಳ ಜೊತೆ ಸೇರಿಸುವ ಪ್ರಸ್ತಾಪ ಮುಂದಿಟ್ಟಿತು. ಆ ಪಟ್ಟಿಯಲ್ಲಿ ಹಾಸನವೂ ಇತ್ತು. ಚಿಕ್ಕಮಗಳೂರಿನವರಿಗೆ ಇಂಥ ಗೊಂದಲವಿಲ್ಲ, ಅವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದವರು. ಬೇಲೂರಿಗೂ ಚಿಕ್ಕಮಗಳೂರಿಗೂ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಎರಡೂ ಕಡೆ ಅದೇ ಕಾಫಿ, ಅದೇ ಮೆಣಸು, ಅದೇ ಮಳೆ. ಪಠ್ಯಕ್ರಮ ಮಾತ್ರ ಎರಡು. ಎರಡರಲ್ಲೂ ಕಾಫಿ ಇಲ್ಲ ಅನ್ನುವುದೊಂದೇ ಸಾಮ್ಯ!

ಎನ್‌ಇಪಿ ಬಂದಾಗ ಅದರ ಜೊತೆ ಇಂಟರ್ನ್‌ಶಿಪ್ ಬಂತು ಎಂದು ನಾನು ಖುಷಿಪಟ್ಟಿದ್ದೆ. ಆಗಿದ್ದು ಇಷ್ಟು: ಮಕ್ಕಳು ನಮ್ಮ ಆಫೀಸಿಗೆ ಬಂದು, "ಸರ್, ಬರೀ ಸೀಲು ಸಹಿ ಹಾಕಿಕೊಡಿ, ರಿಪೋರ್ಟು ಜೆರಾಕ್ಸ್ ಅಂಗಡಿಯಲ್ಲೇ ಸಿಗುತ್ತೆ" ಅಂದರು. ಬೈದು ಕಳಿಸಿದೆ. ಮಾರನೇ ವಾರ ಅವರದೇ ಕಾಲೇಜಿನ ಮೇಷ್ಟರೊಬ್ಬರು ಫೋನು ಮಾಡಿ, "ಹಾಕಿಕೊಟ್ಟುಬಿಡಿ ಸಾರ್, ಇನ್ನೂರು ಜನ ಇದಾರೆ, ಎಲ್ಲಿಗೆ ಅಂತ ಕಳಿಸಲಿ" ಅಂದರು. ಅವರ ಕಷ್ಟವೂ ಸುಳ್ಳಲ್ಲ. ಇಡೀ ಜಿಲ್ಲೆಯ ಆಡಿಟರ್ ಆಫೀಸುಗಳನ್ನೆಲ್ಲ ಸೇರಿಸಿದರೂ ಇನ್ನೂರು ಕುರ್ಚಿ ಸಿಗುವುದು ಕಷ್ಟ. ಆದರೆ ಕುರ್ಚಿ ಅಂದರೆ ಆಡಿಟರ್ ಆಫೀಸಿನದೇ ಆಗಬೇಕು ಎಂದವರು ಯಾರು? ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗೆ ಸೇರಿದ ಹಾಲು ಒಕ್ಕೂಟ ಹಾಸನದಲ್ಲಿದೆ; ಅದರ ಕೆಳಗೆ ಊರೂರಿಗೊಂದು ಡೇರಿ. ಪ್ರತಿ ಹೋಬಳಿಯಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವಿದೆ. ಜಮಾಖರ್ಚು, ಷೇರು, ಬಡ್ಡಿ ಸಹಾಯಧನ, ಸುಸ್ತಿ ಸಾಲ, ಆಡಿಟ್ ಆಕ್ಷೇಪಣೆ, ಎಲ್ಲವೂ ಅಲ್ಲೇ ಇದೆ. ಡೇರಿಯ ಸೆಕ್ರೆಟರಿ ಬೆಳಿಗ್ಗೆ ಆರಕ್ಕೆ ಫ್ಯಾಟು ನೋಡಿ ದರ ಕಟ್ಟುತ್ತಾನಲ್ಲ, ಕಾಸ್ಟ್ ಅಕೌಂಟಿಂಗ್ ಅಂದರೆ ಅದೇ. ಹುಡುಗ ಬೆಳಿಗ್ಗೆ ಎದ್ದು ಕ್ಯಾನು ಹಿಡಿದು ಅಲ್ಲಿಗೆ ಹೋಗಿಬಂದೇ ಕಾಲೇಜಿನ ಬಸ್ಸು ಹತ್ತುವುದು.

ಬಿಬಿಎ ಯಾರಿಗೆ?

ಜೂನ್ ಬಂತೆಂದರೆ ತಂದೆತಾಯಿಗಳ ಪ್ರಶ್ನೆ: ಬಿಕಾಂಗೆ ಹಾಕುವುದೋ ಬಿಬಿಎಗೋ? 2024-25ರಿಂದ ಬಿಬಿಎ, ಬಿಸಿಎ, ಬಿಎಂಎಸ್ ಕೋರ್ಸುಗಳು ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಎಂಜಿನಿಯರಿಂಗ್ ಕಾಲೇಜಿನ ಹಾಗೆ ಇವಕ್ಕೂ ಅನುಮೋದನೆ ಬೇಕು, ಅಧ್ಯಾಪಕರ ಸಂಖ್ಯೆ, ಲ್ಯಾಬು, ಜಾಗ ತೋರಿಸಬೇಕು. ಮಾದರಿ ಪಠ್ಯಕ್ರಮವನ್ನೂ ಅವರೇ ಕೊಟ್ಟಿದ್ದಾರೆ. ಒಳ್ಳೆಯದೇ. ಆದರೆ ನಮ್ಮಂಥ ಊರಿನಲ್ಲಿ ಬಿಬಿಎ ಅಂದರೆ ಇಂಗ್ಲಿಷು, ಪಿಪಿಟಿ, ಶನಿವಾರ ಕೋಟು ಎಂಬ ಕಲ್ಪನೆ ಉಳಿದುಬಿಟ್ಟಿದೆ. ನನ್ನ ಅಭಿಪ್ರಾಯ ಇದು, ಒಪ್ಪದವರು ಬಿಡಿ: ಮನೆಯಲ್ಲಿ ಅಂಗಡಿ, ಹೋಮ್‌ಸ್ಟೇ, ಟ್ರಾನ್ಸ್‌ಪೋರ್ಟು, ಏನಾದರೂ ಒಂದು ನಡೆಯುತ್ತಿದ್ದರೆ ಬಿಬಿಎ ಅರ್ಥಪೂರ್ಣ. ಕೈಯಲ್ಲಿ ಬಂಡವಾಳವಿಲ್ಲದೆ, ಕೇವಲ ಮ್ಯಾನೇಜರ್ ಆಗುವ ಆಸೆಯಿಂದ ಸೇರಿದರೆ ಮೂರು ವರ್ಷದ ನಂತರ ಎಂಬಿಎ ಫೀಸು ಎಂಬ ಇನ್ನೊಂದು ಬೆಟ್ಟ ಎದುರಿಗಿರುತ್ತದೆ. ಬಿಕಾಂನವನಿಗೆ ಕಡೇಪಕ್ಷ ಜರ್ನಲ್ ಎಂಟ್ರಿಯಾದರೂ ಕೈಯಲ್ಲಿರುತ್ತದೆ.

ಬಿಬಿಎ ಕ್ಲಾಸುಗಳಲ್ಲಿ ಉದ್ಯಮಶೀಲತೆಯ ಪಾಠಕ್ಕೆ ಉದಾಹರಣೆ ಕೊಡಲು ಚಿಕ್ಕಮಗಳೂರಿನವರು ದೂರ ಹೋಗಬೇಕಿಲ್ಲ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಕೆಫೆ ಕಾಫಿ ಡೇ ಎಂಬ ಒಂದು ಕಾಫಿ ಅಂಗಡಿ ದೇಶದ ಉದ್ದಗಲಕ್ಕೆ ಹಬ್ಬಿದ ಕಥೆ ನಮ್ಮದೇ ಮಣ್ಣಿನದು. ಅದನ್ನು ಕಟ್ಟಿದ ವಿ.ಜಿ. ಸಿದ್ಧಾರ್ಥ ಅವರನ್ನು ಇಂದಿಗೂ ಇಲ್ಲಿ ಪ್ರೀತಿಯಿಂದ ನೆನೆಯುತ್ತಾರೆ, ನಾನೂ ನೆನೆಯುತ್ತೇನೆ. ಆದರೆ ಕಥೆಯ ಮೊದಲ ಅರ್ಧವನ್ನು ಮಾತ್ರ ಹೇಳಿ ನಿಲ್ಲಿಸಿದರೆ ಅದು ಸನ್ಮಾನದ ಭಾಷಣ. ಹೋಲ್ಡಿಂಗ್ ಕಂಪನಿ ಅಂದರೇನು, ಅದರ ಕೆಳಗಿನ ಕಂಪನಿಗಳ ದುಡ್ಡು ಹೇಗೆ ಓಡಾಡುತ್ತದೆ, ಷೇರು ಒತ್ತೆ ಇಟ್ಟು ತಂದ ಸಾಲ ಯಾವಾಗ ಕುತ್ತಿಗೆಗೆ ಬರುತ್ತದೆ: 2019ರಲ್ಲಿ ಅವರು ತೀರಿಹೋದ ನಂತರ ಇವೆಲ್ಲ ಪತ್ರಿಕೆಗಳಲ್ಲಿ ಬಂದ ಸಂಗತಿಗಳು. ಕಾರ್ಪೊರೇಟ್ ಆಡಳಿತದ ಪಾಠಕ್ಕೆ ಲೆಕ್ಕ ತಿರುಚಿ ಮುಳುಗಿದ ಅಮೆರಿಕದ ಎನ್ರಾನ್ ಕಂಪನಿಯ ಹೆಸರನ್ನು ಉರು ಹೊಡೆಯುವ ಮಕ್ಕಳಿಗೆ, ತಮ್ಮ ಊರಿನ ಸಾವಿರಾರು ಮನೆಗೆ ಅನ್ನ ಹಾಕಿದ ಸಂಸ್ಥೆಯ ಬ್ಯಾಲೆನ್ಸ್ ಶೀಟನ್ನು ಮೇಜಿನ ಮೇಲೆ ಹರಡಿ ತೋರಿಸಬಹುದಲ್ಲ?

ಇನ್ನೊಂದು ಸಣ್ಣ ವಿಷಯ, ಹೇಳದೆ ಇರಲಾರೆ. ಸವಕಳಿಯ ಲೆಕ್ಕ ಮಾಡಿಸುವಾಗ ಪುಸ್ತಕದಲ್ಲಿ ಬರುವುದು ಯಾವಾಗಲೂ ಯಂತ್ರ: 1 ಲಕ್ಷಕ್ಕೆ ಕೊಂಡದ್ದು, ಹತ್ತು ವರ್ಷ ಬಾಳಿಕೆ. ನಮ್ಮ ದೇಶದ ಲೆಕ್ಕಪತ್ರ ಮಾನದಂಡಗಳಲ್ಲಿ ವರ್ಷವರ್ಷವೂ ಫಸಲು ಕೊಡುವ ಗಿಡಗಳಿಗೆ 'ಬೇರರ್ ಪ್ಲಾಂಟ್' ಎಂದು ಹೆಸರಿದೆ. ಯಂತ್ರದ ಹಾಗೆ ಅವೂ ಸ್ಥಿರಾಸ್ತಿ. ಕಾಫಿ ಗಿಡ ಅದಕ್ಕೆ ಹೇಳಿಮಾಡಿಸಿದ ಉದಾಹರಣೆ. ಸತ್ತ ಗಿಡದ ಜಾಗಕ್ಕೆ ಹೊಸದು ನೆಟ್ಟ ಖರ್ಚನ್ನು ಆದಾಯದಿಂದ ಕಳೆಯಲು 7ಬಿ ಕೂಡ ಅವಕಾಶ ಕೊಟ್ಟಿತ್ತು. ಕಾಂಡಕೊರಕ ಹೊಡೆದು ಅರೇಬಿಕಾ ಗಿಡ ಕಿತ್ತುಹಾಕುವ ಅಪ್ಪನ ಸಂಕಟವನ್ನು ನೋಡಿದ ಹುಡುಗನಿಗೆ ಸವಕಳಿ ಎಂದರೇನು ಎಂದು ಎರಡು ಸಲ ಹೇಳಬೇಕಾಗಿ ಬರುವುದಿಲ್ಲ.

ಶುಂಠಿ, ಕೊಬ್ಬರಿ ಮತ್ತು ಸೀಮಾಂತ ತುಷ್ಟಿಗುಣ

ಅರ್ಥಶಾಸ್ತ್ರದ ಕಥೆ ಇನ್ನೂ ಬೇಜಾರಿನದು. ಬಿಎನಲ್ಲಿ ಎಚ್‌ಇಪಿ, ಎಚ್‌ಇಎಸ್ ಎಂದು ಅಕ್ಷರಗಳಲ್ಲಿ ಕರೆಯುವ ಸಂಯೋಜನೆಗಳ ಮಧ್ಯದ 'ಇ' ಅದು. ಇತಿಹಾಸಕ್ಕೂ ರಾಜ್ಯಶಾಸ್ತ್ರಕ್ಕೂ ನಡುವೆ ಸಿಕ್ಕಿಕೊಂಡಿರುವ ವಿಷಯ. ಕನ್ನಡದಲ್ಲಿ ಬರೆಯುವ ಮಕ್ಕಳು ಸೀಮಾಂತ ತುಷ್ಟಿಗುಣ, ಬೇಡಿಕೆಯ ಸ್ಥಿತಿಸ್ಥಾಪಕತ್ವ, ತಟಸ್ಥ ವಕ್ರರೇಖೆ ಎಂಬ ಪದಗಳನ್ನು ಮಂತ್ರದ ಹಾಗೆ ಕಲಿಯುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರು ಇಂಗ್ಲಿಷಿನ ಮಂತ್ರ ಕಲಿಯುತ್ತಾರೆ, ಅಷ್ಟೇ ವ್ಯತ್ಯಾಸ. ಎಪಿಎಂಸಿ ಯಾರ್ಡಿನಲ್ಲಿ ಮುಂಗಡ, ಬಾಕಿ, ವಾಯಿದೆ, ಬಿಳಿಚೀಟಿ ಎಂಬ ಮಾತುಗಳಲ್ಲಿ ನಡೆಯುವ ಅರ್ಥಶಾಸ್ತ್ರಕ್ಕೂ ಇದಕ್ಕೂ ನಂಟಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಹಿಂದಿನ ವರ್ಷದ ಬೆಲೆ ನೋಡಿ ಈ ವರ್ಷ ಬಿತ್ತುವುದು, ಎಲ್ಲರೂ ಬಿತ್ತಿದ್ದರಿಂದ ಬೆಲೆ ಬೀಳುವುದು, ಬಿದ್ದದ್ದರಿಂದ ಮುಂದಿನ ವರ್ಷ ಯಾರೂ ಬಿತ್ತದೆ ಮತ್ತೆ ಏರುವುದು. ಪಠ್ಯಪುಸ್ತಕದಲ್ಲಿ ಇದಕ್ಕೆ ಜೇಡರ ಬಲೆಯ ಚಿತ್ರವಿದೆ. ಆ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸುವ ಹೊತ್ತಿನಲ್ಲೇ ಹಾಸನ ಜಿಲ್ಲೆಯ ರೈತರು ಅದರೊಳಗೆ ಸಿಕ್ಕಿಬಿದ್ದಿರುತ್ತಾರೆ. 2023ರಲ್ಲಿ ಶುಂಠಿ ಬೆಲೆ ಆಕಾಶಕ್ಕೆ ಹೋಯಿತು. ಗದ್ದೆ ಗುತ್ತಿಗೆಗೆ ಹಿಡಿದು ಬೀಜ ಹಾಕಿದವರು ಎಷ್ಟೋ ಮಂದಿ. ಮುಂದೆ ಏನಾಯಿತೆಂದು ನಮ್ಮ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಆಲೂಗಡ್ಡೆಯದು ಸ್ವಲ್ಪ ಬೇರೆ. ಮುಂಗಾರಿಗೆ ಮೊದಲು ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಹಾಸನದ ಯಾರ್ಡಿಗೆ ಬಿತ್ತನೆ ಗಡ್ಡೆ ಬರುತ್ತದೆ. ಅಂಗಮಾರಿ ಬಂದರೆ ಗಿಡ ಎರಡು ಮೂರು ದಿನದಲ್ಲಿ ಕರಗಿಹೋಗುತ್ತದೆ. ಬೆಲೆಯ ಅಪಾಯ, ರೋಗದ ಅಪಾಯ, ದೂರದ ಬೀಜದ ಗುಣಮಟ್ಟ ಕಣ್ಣಿಗೆ ಕಾಣದಿರುವುದು, ಮೂರೂ ಒಂದೇ ಗಡ್ಡೆಯಲ್ಲಿ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಮಾಹಿತಿಯ ಬಗ್ಗೆ ಪಶ್ಚಿಮದ ಅರ್ಥಶಾಸ್ತ್ರಜ್ಞರು ಹಳೆಯ ಕಾರಿನ ಉದಾಹರಣೆ ಕೊಟ್ಟರು. ನಮಗೆ ಬಿತ್ತನೆ ಆಲೂಗಡ್ಡೆ ಸಾಲದೇ?

ಅರಸೀಕೆರೆಯ ಕೊಬ್ಬರಿಗೆ ಬನ್ನಿ. ಉಂಡೆ ಕೊಬ್ಬರಿಗೆ 2024ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಆ ವರ್ಷದ ಆರಂಭದಲ್ಲಿ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿತ್ತು. ನಾಫೆಡ್ ಖರೀದಿ ಕೇಂದ್ರದ ಮುಂದೆ ನೋಂದಣಿಗೆ ಜನ ರಾತ್ರಿಯೆಲ್ಲ ಕಾದರು. 2025ರಲ್ಲಿ ಬೆಂಬಲ ಬೆಲೆ 12,100 ಆಯಿತು, ಅದೇ ವರ್ಷ ಪೇಟೆಯ ದರ ಅದರ ಎರಡರಷ್ಟನ್ನು ದಾಟಿತು. ಒಂದು ವರ್ಷದ ಅಂತರದಲ್ಲಿ ಬೆಲೆ ಹೀಗೆ ಜಿಗಿದಾಗ ಶುಂಠಿಯ ಹಾಗೆ ಎಲ್ಲರೂ ಓಡಿಹೋಗಿ ಬೆಳೆಯಲಿಕ್ಕೆ ಆಗುವುದಿಲ್ಲ, ತೆಂಗಿನ ಸಸಿ ಕಾಯಿ ಬಿಡಲು ವರ್ಷಗಳೇ ಬೇಕು. ಪೂರೈಕೆಯ ಸ್ಥಿತಿಸ್ಥಾಪಕತ್ವ ಎಂಬ ಬಾಯಿಗೆ ಸಿಗದ ಪದಕ್ಕೆ ಅರ್ಥ ಇದೇ: ಶುಂಠಿಗೆ ಒಂದು ವರ್ಷ, ಕಾಫಿಗೆ ಮೂರು ನಾಲ್ಕು ವರ್ಷ, ತೆಂಗಿಗೆ ಇನ್ನೂ ಹೆಚ್ಚು. ಈ ಮೂರನ್ನೂ ಪಕ್ಕಪಕ್ಕ ಇಟ್ಟು ಪ್ರಶ್ನೆ ಕೇಳಿದರೆ ಹತ್ತು ಅಂಕಕ್ಕೆ ಉರು ಹೊಡೆದು ಬರೆಯಲು ಬರುವುದಿಲ್ಲ. ಬಹುಶಃ ಅದಕ್ಕೇ ಕೇಳುವುದಿಲ್ಲ.

ಕಾಫಿಯ ಬೆಲೆಯಂತೂ ನಮ್ಮ ಕೈಯಲ್ಲಿಲ್ಲ. ಅರೇಬಿಕಾಗೆ ನ್ಯೂಯಾರ್ಕ್, ರೋಬಸ್ಟಾಗೆ ಲಂಡನ್. ಒಂದು ಪೌಂಡಿಗೆ ಇಷ್ಟು ಸೆಂಟ್, ಒಂದು ಟನ್ನಿಗೆ ಇಷ್ಟು ಡಾಲರ್ ಎಂಬ ಆ ಅಂಕಿ, ಮೂಡಿಗೆರೆಯ ವ್ಯಾಪಾರಿಯ ಬಾಯಲ್ಲಿ 50 ಕೆ.ಜಿ. ಮೂಟೆಗೆ ಇಷ್ಟು, ಓಟಿಗೆ (ಔಟ್ ಟರ್ನ್, ಮೂಟೆಯಿಂದ ಇಳಿಯುವ ಸ್ವಚ್ಛ ಬೀಜದ ಪ್ರಮಾಣ) ಇಷ್ಟು ಎಂದಾಗಿ ಬರುವಷ್ಟರಲ್ಲಿ ಡಾಲರಿನ ದರ, ಕ್ಯೂರಿಂಗ್ ಖರ್ಚು, ವ್ಯಾಪಾರಿಯ ಮಾರ್ಜಿನ್ ಎಲ್ಲ ದಾಟಿರುತ್ತದೆ. 1996ರವರೆಗೆ ಹೀಗಿರಲಿಲ್ಲ. 1942ರ ಕಾಯ್ದೆಯ ಕೆಳಗೆ ಕಾಫಿ ಬೋರ್ಡ್ ಬೆಳೆಯನ್ನೆಲ್ಲ ಪೂಲ್‌ಗೆ ಎತ್ತಿಕೊಂಡು, ಮಾರಿ, ಕಂತಿನಲ್ಲಿ ದುಡ್ಡು ಕೊಡುತ್ತಿತ್ತು. 1992ರಿಂದ ಹಂತಹಂತವಾಗಿ ಸಡಿಲಿಸಿ, 1996ರಲ್ಲಿ ಪೂರ್ತಿ ಕೈಬಿಟ್ಟರು. ಆ ಮೇಲೆ ಬೆಳೆಗಾರ ಸ್ವತಂತ್ರ, ಅಂದರೆ ಅಪಾಯವೂ ಅವನದೇ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವ ರಾಜ್ಯ ನಮ್ಮದು, ಅದರಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನಗಳದೇ ಪಾಲು. 1991ರ ಉದಾರೀಕರಣದ ಬಗ್ಗೆ ಇಲ್ಲಿನ ಬಿಎ ಮಕ್ಕಳು ಹದಿನೈದು ಅಂಕದ ಪ್ರಬಂಧ ಬರೆಯುತ್ತಾರೆ. ಅವರ ತಾತನ ಮನೆಗೆ ಉದಾರೀಕರಣ ಬಂದದ್ದು 1996ರಲ್ಲಿ, ಕಾಫಿ ಬೋರ್ಡಿನ ಕಂತಿನ ಚೀಟಿ ನಿಂತಾಗ. ಪ್ರಬಂಧದಲ್ಲಿ ಆ ಚೀಟಿಯ ಸುಳಿವಿಲ್ಲ.

ಇವೆಲ್ಲಕ್ಕಿಂತ ಮೊದಲೇ ಒಂದು ಬಾಗಿಲು ಮುಚ್ಚಿರುತ್ತದೆ, ಅದು ಹದಿನಾರನೇ ವಯಸ್ಸಿನಲ್ಲಿ. ಪಿಯುಸಿಗೆ ಕಾಮರ್ಸ್ ಸೇರುವವರು ಹೆಬಾ, ಸೆಬಾ ಎಂದು ಸಂಯೋಜನೆ ಆರಿಸುತ್ತಾರೆ. ಹೆಬಾ ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ತಾಲ್ಲೂಕು ಮಟ್ಟದ ಕಾಲೇಜುಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ಇತಿಹಾಸದ ಜಾಗದಲ್ಲಿ ಸಂಖ್ಯಾಶಾಸ್ತ್ರವೋ ಬೇಸಿಕ್ ಮ್ಯಾಥ್ಸೋ ತೆಗೆದುಕೊಳ್ಳಲು ಅವಕಾಶ ನಿಯಮದಲ್ಲಿದೆ, ಕಾಲೇಜಿನಲ್ಲಿ ಮೇಷ್ಟರಿರುವುದಿಲ್ಲ. ಗಣಿತ ಕಂಡರೆ ಹೆದರಿ ಬಂದ ಮಕ್ಕಳಿಗೂ ಅದೇ ಅನುಕೂಲ. ಆದರೆ ಇವತ್ತು ಅರ್ಥಶಾಸ್ತ್ರ ಅಂದರೆ ಅರ್ಧ ಗಣಿತ. ದೆಹಲಿ ವಿಶ್ವವಿದ್ಯಾಲಯದ ಎಕನಾಮಿಕ್ಸ್ ಆನರ್ಸ್‌ಗೆ ಹನ್ನೆರಡನೇ ತರಗತಿಯ ಗಣಿತ ಕಡ್ಡಾಯ. ಬೆಂಗಳೂರಿನಲ್ಲಿ ಡೇಟಾ, ರಿಸ್ಕ್ ಎಂದು ಸಂಬಳ ಕೊಡುವ ಕೆಲಸಗಳೆಲ್ಲ ಸಂಖ್ಯಾಶಾಸ್ತ್ರ ಕೇಳುತ್ತವೆ. ಪದವಿ ಮೂರು ವರ್ಷವೋ ನಾಲ್ಕೋ ಎಂದು ವಿಧಾನಸೌಧದಲ್ಲಿ ವಾದ ನಡೆಯುತ್ತಿದ್ದಾಗ, ಹುಡುಗಿಯ ದಾರಿ ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆಯಲ್ಲೇ ಅರ್ಜಿಯ ಒಂದು ಕಾಲಮ್ಮಿನಲ್ಲಿ ತೀರ್ಮಾನವಾಗಿ ಹೋಗಿತ್ತು.

ಮೇಷ್ಟರನ್ನು ದೂರಿ ಪ್ರಯೋಜನವಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಡೆಸುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. 'ಅತಿಥಿ' ಅನ್ನುವ ಮಾತನ್ನು ಯಾರು ಹುಡುಕಿದರೋ. ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ರಜೆಯಲ್ಲಿ ಸಂಬಳವಿಲ್ಲ. ಸೆಮಿಸ್ಟರ್ ಶುರುವಾಗಿ ಒಂದೂವರೆ ತಿಂಗಳಿಗೆ ಬಂದವರು ಪಠ್ಯ ಮುಗಿಸುವುದೇ ಹೆಚ್ಚು. ಮಕ್ಕಳನ್ನು ಕ್ಯೂರಿಂಗ್ ವರ್ಕ್ಸಿಗೆ ಕರೆದುಕೊಂಡು ಹೋಗಿ ಎಂದು ಯಾವ ಬಾಯಲ್ಲಿ ಹೇಳುವುದು?

ಅದರ ಮೇಲೆ ಕಾನೂನೇ ಕೈಯಲ್ಲಿ ನಿಲ್ಲುತ್ತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಇನ್‌ಸ್ಟಂಟ್ ಕಾಫಿ ಶೇ 18ರಿಂದ 5ಕ್ಕೆ ಬಂತು. 1961ರ ಆದಾಯ ತೆರಿಗೆ ಕಾಯ್ದೆಯೇ ಹೋಗಿ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಹಿಂದಿನ ವರ್ಷ, ನಿರ್ಧರಣಾ ವರ್ಷ ಎಂಬ ಜೋಡಿ ಹೋಗಿ 'ತೆರಿಗೆ ವರ್ಷ' ಎಂಬ ಒಂದೇ ಮಾತು. 'ಸೆಕ್ಷನ್ ಹತ್ತರ ಒಂದು' ಎಂದು ಥಟ್ಟನೆ ಹೇಳುವ ಆ ಉತ್ತರದ ಸಂಖ್ಯೆಯೂ ಇನ್ನು ನಡೆಯುವುದಿಲ್ಲ, ವಿನಾಯಿತಿಗಳು ಶೆಡ್ಯೂಲಿಗೆ ಹೋಗಿವೆ. ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಿದ ಕಾಲೇಜುಗಳಿಗೆ ಇದು ದೊಡ್ಡ ನಷ್ಟ. ತತ್ತ್ವ ಹೇಳಿಕೊಟ್ಟವರಿಗೆ ಒಂದು ವಾರದ ಕೆಲಸ.

ಕೆಲಸದ ಮಾತಿಗೆ ಬಂದರೆ, ನಾನು ಓದುವಾಗ ಬಿಕಾಂ ಅಂದರೆ ಬ್ಯಾಂಕು. ಅಂದಿನ ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕ್ 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು, ಅದು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಬಳ್ಳಾರಿಯಲ್ಲಿ ಕೂತ ಒಂದೇ ಗ್ರಾಮೀಣ ಬ್ಯಾಂಕ್. ಮೈಸೂರು ಬ್ಯಾಂಕ್ 2017ರಲ್ಲೇ ಎಸ್‌ಬಿಐಗೆ ಹೋಗಿತ್ತು. ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್, ಒಂದೊಂದೇ ಬೋರ್ಡು ಇಳಿದವು. ಉಳಿದ ಹುದ್ದೆಗೆ ಐಬಿಪಿಎಸ್ ಪರೀಕ್ಷೆ, ಅದಕ್ಕೆ ಯಾವ ಪದವಿಯಾದರೂ ನಡೆಯುತ್ತದೆ; ಬಿಕಾಂಗೆ ವಿಶೇಷ ಮರ್ಯಾದೆಯಿಲ್ಲ. ಇನ್ನು 2017ರಲ್ಲಿ ಕುಣಿಗಲ್ ಮಾರ್ಗದ ರೈಲು ಬಂದ ಮೇಲೆ ಬೆಂಗಳೂರು ಹತ್ತಿರವಾಗಿದೆ. ಸೋಮವಾರ ಬೆಳಗಿನ ಗಾಡಿಯಲ್ಲಿ ಹೋಗಿ ಶನಿವಾರ ಬರುವ ಹುಡುಗರು ಹೇಳುವ ಕೆಲಸ ಒಂದೇ: ಬ್ಯಾಕ್ ಆಫೀಸ್.

ಸಿಎ ಒಂದು ದಾರಿ ಈಗ ಮೊದಲಿಗಿಂತ ಸಲೀಸಾಗಿದೆ, ಅದನ್ನು ಕಾಲೇಜುಗಳು ಜೋರಾಗಿ ಹೇಳಬೇಕು. ಶೇ 55 ಅಂಕ ಪಡೆದ ಕಾಮರ್ಸ್ ಪದವೀಧರರು ಫೌಂಡೇಷನ್ ಇಲ್ಲದೆ ನೇರ ಇಂಟರ್‌ಗೆ ಸೇರಬಹುದು, ಉಳಿದವರಿಗೆ ಶೇ 60. ಆರ್ಟಿಕಲ್‌ಶಿಪ್ ಎಂಬ ಆಡಿಟರ್ ಕೈಕೆಳಗಿನ ತರಬೇತಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಪರೀಕ್ಷೆ ವರ್ಷಕ್ಕೆ ಮೂರು ಸಲ.

ಪಠ್ಯಕ್ರಮ ಬದಲಾಗುವ ತನಕ ಕಾಯಬೇಕೆಂದೂ ಇಲ್ಲ. ಸ್ವಾಯತ್ತ ಸ್ಥಾನ ಪಡೆದ ಸರ್ಕಾರಿ ಕಾಲೇಜುಗಳು ಹಾಸನದಲ್ಲೇ ಇವೆ, ಅವುಗಳ ಪಠ್ಯಕ್ರಮ ಮಂಡಳಿ ಮನಸ್ಸು ಮಾಡಿದರೆ ಕಾಫಿ ತೆರಿಗೆಯ ಲೆಕ್ಕ ಒಂದು ಯೂನಿಟ್ಟಾಗುತ್ತದೆ. ಉಳಿದ ಕಡೆ ಆಂತರಿಕ ಅಂಕದ ಅಸೈನ್‌ಮೆಂಟ್ ಇದೆಯಲ್ಲ, ಅದಕ್ಕೆ ಅಂತರ್ಜಾಲದಿಂದ ಇಳಿಸಿದ ಹತ್ತು ಪುಟದ ಬದಲು ಮನೆಯ ಒಂದು ವರ್ಷದ ಜಮಾಖರ್ಚು ಬರೆಸಿದರೆ ಸಾಕು: ಗೊಬ್ಬರ, ಕೂಲಿ, ಡೀಸೆಲ್, ಸೊಸೈಟಿ ಸಾಲ, ಅಮ್ಮನ ದುಡಿಮೆಗೆ ಎಷ್ಟು ಹಾಕಬೇಕು ಎಂಬ ಪ್ರಶ್ನೆಯೂ ಸೇರಿ. ಆ ಕೊನೆಯ ಪ್ರಶ್ನೆಗೆ ಅರ್ಥಶಾಸ್ತ್ರದ ಮೇಷ್ಟರಿಗೂ ಕಾಮರ್ಸಿನ ಮೇಷ್ಟರಿಗೂ ಜಗಳ ಹತ್ತಿದರೆ ಇನ್ನೂ ಒಳ್ಳೆಯದು.

ಮೊನ್ನೆ ಮೂಡಿಗೆರೆ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ನಾಲ್ಕೆಕರೆ ರೋಬಸ್ಟಾ, ಜೊತೆಗೆ ಮೆಣಸು. ಹುಡುಗ ಹೆಬಾ, ಶೇ 84. ಬಿಕಾಂಗೋ ಬಿಬಿಎಗೋ ಎಂಬ ಅದೇ ಪ್ರಶ್ನೆ. "ಕಾಲೇಜು ಶುರುವಾಗಕ್ಕೆ ಇನ್ನೂ ಒಂದು ತಿಂಗಳಿದೆ. ಹೋದ ವರ್ಷದ್ದು ತೋಟದ ಲೆಕ್ಕ ಇವನ ಕೈಲಿ ಒಂದು ಪುಸ್ತಕಕ್ಕೆ ಇಳಿಸಿ, ಅದನ್ನ ತಗೊಂಡು ಬನ್ನಿ, ಆಮೇಲೆ ಹೇಳ್ತೀನಿ" ಅಂದೆ.

ಅವರು ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. "ಲೆಕ್ಕ ಎಲ್ಲಿ ಸಾರ್ ಬರೀತೀವಿ, ಎಲ್ಲ ತಲೇಲೇ ಇರುತ್ತೆ" ಅಂದರು.